ಗಾಳದ ಗಂಟೆ

ಗಂಟೆ ಬಡಿಯಿತೋ ಇಲ್ಲವೋ ಎಂಬುದು ಈಚೆಗೆ ಅವನಿಗೆ ಗೊತ್ತಾಗುತ್ತಿದ್ದುದು ನಿರ್ದೇಶಕಿಯ ಮುಖ ನೋಡಿ. ಅವಳ ಹುಬ್ಬು ಸ್ವಲ್ಪ ಮೇಲೆ ಹೋಯಿತೆಂದರೆ ಗಾಳದ ಕೋಲಿನ ತುದಿಗೆ ಸಿಕ್ಕಿಸಿದ ಪುಟ್ಟ ಹಿತ್ತಾಳೆ ಗಂಟೆ ಅಲುಗಿದೆ, ನೀರಿನಡಿಯಲ್ಲಿ ಯಾವುದೋ ಮೀನು ಎರೆಗೆ ಬಾಯಿ ಹಾಕಿದೆ ಎಂದು ಅರ್ಥ. ಆಗ ಅವನೂ ತಲೆಯಾಡಿಸಿ ಹೆಬ್ಬೆರಳು ಎತ್ತಿ, ಸಿಕ್ಕಿತು ಎಂದು ಸನ್ನೆ ಮಾಡುತ್ತಿದ್ದ. ಟಿವಿ ಕಾರ್ಯಕ್ರಮಕ್ಕೆ ಶಬ್ದ ಹಿಡಿದುಕೊಡುವವನಿಗೆ, ಊರೆಲ್ಲ ಸೌಂಡಣ್ಣ ಎಂದು ಕರೆಯುವವನಿಗೆ, ಶಬ್ದ ಕೇಳುವುದಿಲ್ಲ ಎಂದರೆ ಅಡುಗೆಯವನಿಗೆ ನಾಲಗೆ ಸತ್ತ ಹಾಗೆ. ಗೊತ್ತಾಗುವವರೆಗೆ ಊಟ ನಡೆಯುತ್ತದೆ. ಪೂರ್ತಿ ಕೇಳುವುದಿಲ್ಲ ಎಂದೇನೂ ಅಲ್ಲ. ಗುಡುಗು, ಲಾರಿ, ಗಂಡಸರ ಮಾತು, ಪಕ್ಕದ ಮನೆಯವರು ಮಂಚ ಎಳೆಯುವುದು, ಇಂಥ ದಪ್ಪ ಸದ್ದುಗಳೆಲ್ಲ ಹಾಗೇ ಇದ್ದವು. ಹೋದದ್ದು ತೆಳ್ಳಗಿನವು. ಮೊದಲು ಹಕ್ಕಿಗಳು ಹೋದವು, ಅವು ಹೋದದ್ದು ಅವನ ಗಮನಕ್ಕೇ ಬರಲಿಲ್ಲ. ಆಮೇಲೆ ಬಾಗಿಲಿನ ಕರೆಗಂಟೆ ಹೋಯಿತು, ಮೊಮ್ಮಗಳು ಕಿವಿಯಲ್ಲಿ ಹೇಳುವ ಗುಟ್ಟು ಹೋಯಿತು. ಗುಟ್ಟು ಕೇಳಿದ ಮುಖ ಮಾಡಿಕೊಂಡು ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಾಗ, ಅವಳು ನಗದೆ ಅವನನ್ನೇ ನೋಡುತ್ತ ನಿಂತಿದ್ದಳು. ಏನು ಹೇಳಿದ್ದಳೋ ಪಾಪ, ನಗುವಂಥದ್ದಲ್ಲ ಎಂದು ಕಾಣುತ್ತದೆ.

ಕಾರ್ಯಕ್ರಮ ಎಂದರೆ ಇಷ್ಟೇ: ಇಬ್ಬರು ಮುದುಕರು ಹೊಳೆಯ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂರುತ್ತಾರೆ, ಮಾತಾಡುತ್ತಾರೆ, ಮೀನು ಸಿಕ್ಕರೆ ಒಂದು ಕ್ಷಣ ಎತ್ತಿ ತೋರಿಸಿ ಮತ್ತೆ ನೀರಿಗೆ ಬಿಡುತ್ತಾರೆ. ಮೀನಿಗಿಂತ ಮಾತು ಹೆಚ್ಚು, ಮಾತಿನಲ್ಲಿ ಕಾಯಿಲೆಯದೇ ಹೆಚ್ಚು. ಒಬ್ಬರು ನಿವೃತ್ತ ಮೇಷ್ಟ್ರು, ಕಡ್ಡಿಗೆ ಕೋಟು ತೊಡಿಸಿದ ಹಾಗಿರುವವರು. ಇನ್ನೊಬ್ಬರು ಅವರ ಅಕ್ಕನ ಗಂಡ, ಬಹಳ ಕಾಲ ಔಷಧಿ ಅಂಗಡಿ ಇಟ್ಟಿದ್ದವರು. ಮೇಷ್ಟ್ರು ಭಾವ ಎನ್ನುವುದು ಕೇಳಿ ಕೇಳಿ ನೋಡುವವರಿಗೂ ಕೆಲಸದವರಿಗೂ ಅವರು ಭಾವನೇ ಆಗಿಬಿಟ್ಟಿದ್ದರು. ಎದೆ ಕೊಯ್ದು ರಿಪೇರಿ ಮಾಡಿಸಿಕೊಂಡು ಬಂದ ಮೇಲೆ ಭಾವನಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಕಂಡವರ ಕೈ ಹಿಡಿದು, ಒಂದು ಕಣ್ಣು ಮುಚ್ಚಿ, ನಾಡಿ ಎಣಿಸುವುದು. ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸಿ, ಕೈ ಬಿಡುವಾಗ ಬೆನ್ನು ತಟ್ಟಿ, "ಇನ್ನೂ ಮೂವತ್ತು ವರ್ಷ ಗ್ಯಾರಂಟಿ, ಬಿಲ್ ಮಾತ್ರ ಕೇಳ್ಬೇಡ" ಎನ್ನುವುದು. ಮನೆಮನೆಗಳಲ್ಲಿ ವಯಸ್ಸಾದವರು ಟಿವಿ ಮುಂದೆ ತಮ್ಮ ಕೈ ತಾವೇ ಹಿಡಿದುಕೊಂಡು ಭಾವನ ಜೊತೆ ಎಣಿಸುತ್ತಾರಂತೆ. ನಿರ್ದೇಶಕಿಗೆ ಇದಕ್ಕಿಂತ ಹೆಮ್ಮೆ ಇನ್ನೊಂದು ವಿಷಯದಲ್ಲಿ. ನಮ್ಮಲ್ಲಿ ಸಂಗೀತ ಇಲ್ಲ, ತುಂಬಿಸಿದ ಸದ್ದು ಇಲ್ಲ, ಹೊಳೆ ಹೊಳೆಯ ಹಾಗೇ ಕೇಳುತ್ತದೆ, ಗಂಟೆ ಗಂಟೆಯ ಹಾಗೇ ಎಂದು ಅವಳು ಸಿಕ್ಕಲ್ಲೆಲ್ಲ ಹೇಳುತ್ತಿದ್ದಳು. ಹೇಳುವಾಗ ಅವನ ಕಡೆ ತಿರುಗಿ, "ಅದೆಲ್ಲ ನಮ್ಮ ಅಣ್ಣನ ಕಿವಿಯ ಪುಣ್ಯ" ಎಂದು ಸೇರಿಸುತ್ತಿದ್ದಳು. ಆಗ ಅವನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗುತ್ತಿತ್ತು.

ಯಾಕೆಂದರೆ ಈಚಿನ ಎಷ್ಟೋ ಕಂತುಗಳಲ್ಲಿ ಬಡಿಯುತ್ತಿದ್ದುದು ಅಂದಂದಿನ ಗಂಟೆಯಲ್ಲ, ಹಳೆಯದು, ಅವನ ಕಿವಿ ಗಟ್ಟಿಯಿದ್ದಾಗ ಹಿಡಿದಿಟ್ಟದ್ದು. ಮಾತನ್ನು ಅವನು ಸದ್ದು ಬೆರೆಸುವ ಮಿಕ್ಸರಿನ ಹಸಿರು ದೀಪಗಳ ಏರಿಳಿತ ನೋಡಿಯೇ ಸಂಭಾಳಿಸಬಲ್ಲವನಾಗಿದ್ದ. ಆದರೆ ಆ ತೆಳ್ಳಗಿನ ಕಿಣಿಕಿಣಿ ಸರಿಯಾಗಿ ದಾಖಲಾಯಿತೋ ಇಲ್ಲವೋ ಎಂದು ದೀಪ ಹೇಳುತ್ತಿರಲಿಲ್ಲ. ಇರಲಿ ಎಂದು ಎಡಿಟಿಂಗ್ ಕೋಣೆಯಲ್ಲಿ ಒಬ್ಬನೇ ಇದ್ದಾಗ ಹಳೆಯ ಗಂಟೆಯನ್ನು ಅಂಟಿಸಿಬಿಡುತ್ತಿದ್ದ. ಒಮ್ಮೆ ಅಂದಾಜು ತಪ್ಪಿತು. ಗಂಟೆ ಬಡಿದದ್ದು ಒಂದು ಕಡೆ, ಅವನು ಅಂಟಿಸಿದ್ದು ಇನ್ನೊಂದು ಕಡೆ. ಟಿವಿಯಲ್ಲಿ ಗಂಟೆ ಗಲಗಲ ಬಡಿಯುತ್ತಿದ್ದರೆ ಭಾವ ಕೋಲಿನ ಪಕ್ಕದಲ್ಲೇ ಕೂತು ಮೂಲವ್ಯಾಧಿಯ ಬಗ್ಗೆ ಮಾತಾಡುತ್ತಲೇ ಇದ್ದರು. ಅಯ್ಯೋ, ಭಾವನಿಗೆ ಕಿವಿ ಹೋಯಿತು ಎಂದು ಜನ ಫೋನು ಮಾಡಿದರು, ಯಾರೋ ಎಣ್ಣೆಯ ಶೀಸೆ ಕಳಿಸಿದರು. ಭಾವ ಅದನ್ನೂ ಕಾರ್ಯಕ್ರಮದಲ್ಲಿ ನಗುವಿಗೆ ಹಚ್ಚಿದರು; ಆದರೆ ಆಚೆಗೆ, ಮನೆಯವರಿಗೆ ಬಿಟ್ಟು ಯಾರಿಗೂ ಹೇಳದೆ, ಕಿವಿ ಪರೀಕ್ಷೆಗೆ ಹೋಗಿ ಬಂದರಂತೆ. ಹೋಗುವ ಹಿಂದಿನ ರಾತ್ರಿ ನಿದ್ದೆ ಮಾಡಲಿಲ್ಲ ಎಂದು ಮೇಷ್ಟ್ರೇ ಹೇಳಿದ್ದು. ಅವನ ಪಾಲಿನ ಭಯವನ್ನು ಆ ಮನುಷ್ಯ ಒಂದು ರಾತ್ರಿ ಹೊತ್ತುಕೊಂಡಿದ್ದ. ಅದು ನೆನಪಾದಾಗಲೆಲ್ಲ ಅವನಿಗೆ ಭಾವನ ಮುಖ ನೋಡುವುದು ಕಷ್ಟವಾಗುತ್ತಿತ್ತು.

ಆ ದಿನ ಬೆಳಿಗ್ಗೆ ಹೊಳೆಯ ಮೇಲೆ ಚಾಚಿದ ಹಲಗೆಯ ಅಟ್ಟದಲ್ಲಿ ಭಾವ ಅಂಗಿಯ ಗುಂಡಿ ಬಿಚ್ಚಿಕೊಂಡು ನಿಂತಿದ್ದರು, ಅವನು ಗುಂಡಿಯಷ್ಟೇ ದೊಡ್ಡದಾದ ಮೈಕನ್ನು ಅವರ ಎದೆಗೆ ಪಟ್ಟಿಯಿಂದ ಅಂಟಿಸುತ್ತಿದ್ದ. ಎದೆಯ ನಡುವೆ ಹೊಲಿಗೆಯ ಗುರುತು ಗಂಟಲಿನಿಂದ ಕೆಳಗೆ ಇಳಿದಿತ್ತು. ಪ್ರತಿ ಸಲವೂ ಅವನು ಅದನ್ನು ನೋಡದೆ ಅಂಟಿಸಲು ನೋಡುತ್ತಿದ್ದ, ಪ್ರತಿ ಸಲವೂ ನೋಡುತ್ತಿದ್ದ. ಎದೆಗೆ ಬೆರಳು ತಾಗಿ ಭಾವ ಬೆಚ್ಚಿದರು.

"ಏನೋ ಇದು, ಕೈ ಇಷ್ಟು ತಣ್ಣಗಿದೆ? ಕೊಡು ಇಲ್ಲಿ, ನೋಡೋಣ."

"ಕೈ ತುಂಬ ವೈರು ಇದೆ ಭಾವ. ಆಮೇಲೆ ನೋಡಿ."

"ಆಮೇಲೆ ಆಮೇಲೆ ಅಂದವ್ರೆಲ್ಲ ಆಮೇಲೆ ಸಿಗ್ಲೇ ಇಲ್ಲ ನೋಡು" ಎಂದು ಭಾವ ನಕ್ಕರು. ಇಷ್ಟು ವರ್ಷದಲ್ಲಿ ಅವರ ಕೈಗೆ ಕೈ ಕೊಡದವನು ಅವನೊಬ್ಬನೇ. ಕ್ಯಾಮೆರಾದವನು ಕೊಟ್ಟಿದ್ದ, ಡ್ರೈವರ್ ಕೊಟ್ಟಿದ್ದ, ನಿರ್ದೇಶಕಿ ಎರಡೆರಡು ಸಲ ಕೊಟ್ಟು ಅರವತ್ತು ವರ್ಷದ ಗ್ಯಾರಂಟಿ ಸಂಪಾದಿಸಿದ್ದಳು. ಅವನಿಗೆ ಮಾತ್ರ ಅದು ತಮಾಷೆ ಅನ್ನಿಸುತ್ತಿರಲಿಲ್ಲ. ಲೆಕ್ಕ ಕೇಳದಿದ್ದರೆ ತಪ್ಪೂ ಸಿಗುವುದಿಲ್ಲ ಎಂಬುದು ಅವನ ನಂಬಿಕೆ. ಡಾಕ್ಟರರ ಬಳಿ ಹೋಗದೆ ಇರುವುದಕ್ಕೂ ಅದೇ ಕಾರಣ. ಅವನು ವೈರು ಎಳೆದುಕೊಂಡು ಅಟ್ಟದ ಹಿಂದಿನ ತನ್ನ ಮಡಚು ಕುರ್ಚಿಗೆ ಹೋಗಿ, ಮಿಕ್ಸರನ್ನು ತೊಡೆಯ ಮೇಲಿಟ್ಟು, ಹೆಡ್‌ಫೋನ್ ಏರಿಸಿದ. ಆ ಹೆಡ್‌ಫೋನನ್ನು ಅವನು ಇನ್ನೊಬ್ಬರಿಗೆ ಕೊಟ್ಟವನಲ್ಲ. ಹಲ್ಲುಜ್ಜುವ ಬ್ರಷ್ಷು, ಹೆಡ್‌ಫೋನು ಎರಡೂ ಒಂದೇ ಎಂದು ಹೇಳಿಕೊಂಡಿದ್ದ. ಒಳಗಿನ ಸತ್ಯ ಎಂದರೆ ಅದರ ಸದ್ದಿನ ಗುಂಡಿ ಕೊನೆಯವರೆಗೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು. ಯಾರ ಕಿವಿಗೆ ಇಟ್ಟರೂ ಒಂದು ಕ್ಷಣದಲ್ಲಿ ಅವನ ಸಂಗತಿ ಬಯಲಾಗುತ್ತಿತ್ತು.

"ಮೊನ್ನೆ ಡಾಕ್ಟ್ರು ನನ್ನ ಮಂಡಿಯ ಫೋಟೋ ನೋಡಿ, ವಯಸ್ಸಿಗೆ ತಕ್ಕ ಹಾಗಿದೆ ಅಂದ್ರು ಭಾವ" ಎಂದು ಮೇಷ್ಟ್ರು ಶುರುಮಾಡಿದರು. ಕ್ಯಾಮೆರಾ ಓಡುತ್ತಿತ್ತು.

"ಅದು ಬೈಗುಳ ಮೇಷ್ಟ್ರೇ. ನಿಮ್ಮಕ್ಕನ ಅಡುಗೆಗೆ ನಾನೂ ಹಾಗೇ ಹೇಳೋದು, ಹಸಿವಿಗೆ ತಕ್ಕ ಹಾಗಿದೆ ಅಂತ."

ಹೊಳೆ ಹರಿಯಿತು. ಬೆಂಡು ನೀರಿನ ಮೇಲೆ ಒಮ್ಮೆ ತಲೆಯಾಡಿಸಿ ಸುಮ್ಮನಾಯಿತು. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬ ಮಾತು ಬಂತು, ಎದ್ದು ಹೋಗಿ ನಿಂತರೆ ಅಲ್ಲಿ ಏನೂ ಇಲ್ಲ, ಬರಿಗೈಯಲ್ಲಿ ವಾಪಸು ಬರುವುದು ಎಂದು ಮೇಷ್ಟ್ರು ಹೇಳಿದ್ದಕ್ಕೆ ಕ್ಯಾಮೆರಾದವನ ಭುಜ ಕುಲುಕಿತು. ಅವನಿಗೆ ನಗು ಬರಲಿಲ್ಲ. ಅವರು ಒಂದೊಂದು ರೋಗದ ಹೆಸರು ಎತ್ತಿದಾಗಲೂ ಅದು ಗಾಳದ ದಾರದಂತೆ ಅವನ ಮೈಯೊಳಗೆ ಇಳಿದು ತಡಕುತ್ತಿತ್ತು. ಮಂಡಿ ಎಂದರೆ ಮಂಡಿ ಜುಮ್ಮೆನ್ನುವುದು, ಕಣ್ಣು ಎಂದರೆ ಕಣ್ಣ ಮುಂದೆ ಕೂದಲೆಳೆ ತೇಲುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಸದ್ಯ, ಇವತ್ತು ಕಿವಿಯ ಮಾತು ಬಂದಿಲ್ಲವಲ್ಲ ಎಂದುಕೊಳ್ಳುತ್ತಿದ್ದಾಗಲೇ ಮಾತಿನ ಹಿಂದೆ, ನೀರಿನ ಹಿಂದೆ, ಭಾವನ ಉಸಿರಿನ ಹಿಂದೆ ಅದು ಕೇಳಿಸಿತು. ಧಬ್. ಧಬ್. ಧಬ್. ಮೊದಲಿಗೆ ಅವನಿಗೆ ಖುಷಿಯೇ ಆಯಿತು. ಎದೆಗೆ ಅಂಟಿಸಿದ ಮೈಕು ಒಮ್ಮೊಮ್ಮೆ ಗುಂಡಿಗೆಯನ್ನೂ ಹಿಡಿಯುತ್ತದೆ, ಈ ಕಸುಬಿನವರಿಗೆಲ್ಲ ಅದು ಗೊತ್ತು. ಇಂಥ ಸಣ್ಣದು ಕೇಳಿಸುವಷ್ಟು ಕಿವಿ ತನಗೆ ಇನ್ನೂ ಉಳಿದಿದೆಯಲ್ಲ ಎಂದು ಖುಷಿ. ಧಬ್, ಧಬ್. ಆಮೇಲೆ ಒಂದು ಬರಲಿಲ್ಲ. ಬರಬೇಕಾದ ಜಾಗದಲ್ಲಿ ಹೊಳೆ ಮಾತ್ರ ಇತ್ತು. ಅವನು ಉಸಿರು ಹಿಡಿದು ಕಾದ. ತಡವಾಗಿ, ಎಡವಿ ಮುಗ್ಗರಿಸಿ ಎದ್ದವನ ಹಾಗೆ, ಎರಡು ಒಟ್ಟಿಗೆ ಬಂದವು.

ಭಾವ ನಗುತ್ತಿದ್ದರು. ಕೈಬೀಸಿ ಏನೋ ಹೇಳಿ ಮೇಷ್ಟ್ರ ತೊಡೆಗೆ ಹೊಡೆಯುತ್ತಿದ್ದರು. ಮುಖದಲ್ಲಿ ಬೆವರಿಲ್ಲ, ತುಟಿ ಕೆಂಪಗೇ ಇದೆ. ಒಳಗೆ ಮಾತ್ರ ಅದು ಮತ್ತೆ ತಪ್ಪಿತು. ಹೊರಗೆ ನಗು, ಒಳಗೆ ಇದು. ಅವನು ನಿರ್ದೇಶಕಿಯ ಮುಖ ನೋಡಿದ. ಅವಳ ಕಿವಿಯಲ್ಲೂ ಒಂದು ಪುಟ್ಟ ಇಯರ್‌ಫೋನ್ ಇತ್ತು, ಅವನ ಮಿಕ್ಸರಿನಿಂದಲೇ ಹೋದದ್ದು, ಅದರ ಜೋರು ಅವಳ ಕೈಯಲ್ಲೇ. ಅವಳ ಹುಬ್ಬು ಕದಲಲಿಲ್ಲ. ಅಷ್ಟು ಚಿಕ್ಕದರಲ್ಲಿ ಇಂಥ ದಪ್ಪ ಸದ್ದು ಕೇಳುವುದಿಲ್ಲ ಎಂದು ಅವನಿಗೆ ಅವನೇ ಸಮಾಧಾನ ಹೇಳಿಕೊಂಡ. ಹಾಗಾದರೆ ಭಾವನ ಗುಂಡಿಗೆ ತಪ್ಪುತ್ತಿರುವುದು ಈ ಲೋಕದಲ್ಲಿ ಗೊತ್ತಿರುವುದು ತನಗೊಬ್ಬನಿಗೆ.

ಅವನು ಹುಡುಗನಾಗಿದ್ದಾಗ ಅಪ್ಪ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಮಿಲ್ಲಿನ ಯಂತ್ರಗಳು ಅಪ್ಪನ ಕಿವಿಯನ್ನು ತಿಂದಿದ್ದವು, ಉಳಿದ ಮನುಷ್ಯನನ್ನು ಮನೆಗೆ ಕಳಿಸಿದ್ದವು. ಬಂದವರು ಏನು ಹೇಳಿದರೂ ಅಪ್ಪ ಮುಗುಳ್ನಗುತ್ತಿದ್ದ. ಸಾವಿನ ಸುದ್ದಿ ತಂದವರಿಗೂ ಒಮ್ಮೆ ಹಾಗೇ ನಕ್ಕಾಗ, ಅಮ್ಮ ಬಂದವರ ಎದುರಿಗೇ ಅಪ್ಪನ ಭುಜ ಹಿಡಿದು ಅಲುಗಾಡಿಸಿದ್ದಳು. ಅವನೂ ಅಕ್ಕನೂ ಸೇರಿ ಒಂದು ಆಟ ಕಂಡುಹಿಡಿದಿದ್ದರು. ಅಪ್ಪನ ಎದುರು ನಿಂತು ಬರೀ ತುಟಿ ಅಲ್ಲಾಡಿಸುವುದು, ಸದ್ದಿಲ್ಲದೆ. ಅಪ್ಪ ಮುಂದೆ ಬಾಗಿ, ಕೈಯನ್ನು ಕಿವಿಗೆ ದೊನ್ನೆ ಮಾಡಿ, "ಸ್ವಲ್ಪ ಜೋರಾಗಿ ಹೇಳ್ರೋ" ಎನ್ನುತ್ತಿದ್ದ. ಇವರು ಇನ್ನೂ ದೊಡ್ಡದಾಗಿ ಬಾಯಿ ತೆರೆದು ಇನ್ನೂ ಏನೂ ಹೇಳದೆ ಇರುತ್ತಿದ್ದರು. "ಸ್ವಲ್ಪ ಜೋರಾಗಿ." ಕೊನೆಗೆ ಅಪ್ಪನ ಮುಖದಲ್ಲಿ ಒಂದು ಹೆದರಿಕೆ ಬರುತ್ತಿತ್ತು, ಇದ್ದಬದ್ದ ಚೂರೂ ಹೋಯಿತೆ ಎಂಬ ಹೆದರಿಕೆ, ಆಗ ಇವರು ಬಿದ್ದುಬಿದ್ದು ನಗುತ್ತ ಓಡುತ್ತಿದ್ದರು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಆ ಮುಖ ಈಗ ಅವನ ಕನ್ನಡಿಗೆ ಬಂದು ಸೇರಿಕೊಂಡಿತ್ತು. ಹೆಂಡತಿ ಅಡುಗೆಮನೆಯಿಂದ ಏನೋ ಕೇಳಿದರೆ, ಹೂಂ ಎನ್ನಬೇಕೋ ಉಹೂಂ ಎನ್ನಬೇಕೋ ತಿಳಿಯದೆ ಅವನು ಹೂಂ ಎನ್ನುತ್ತಿದ್ದ. ಮನೆ ಅರ್ಧ ಹೂಂಗಳಿಂದಲೇ ನಡೆಯುತ್ತದೆ, ಯಾರಿಗೂ ಅನುಮಾನ ಬಂದಿರಲಿಲ್ಲ.

ಚಹಾದ ಬಿಡುವಿನಲ್ಲಿ ಅವನು ಎರಡು ಲೋಟ ಹಿಡಿದುಕೊಂಡು ಭಾವನ ಬಳಿ ಹೋದ. ಹೇಳಿಯೇಬಿಡಬೇಕು ಎಂದುಕೊಂಡೇ ಹೋದದ್ದು. ಭಾವ ಗಾಳದ ಮುಳ್ಳಿನಿಂದ ಹಳೆಯ ಎರೆಹುಳು ಬಿಡಿಸುತ್ತಿದ್ದರು.

"ಆರಾಮಿದ್ದೀರಾ ಭಾವ?"

"ಯಾಕೆ, ಹಾಗೆ ಕಾಣ್ತಾ ಇಲ್ವಾ?"

"ಹಾಗಲ್ಲ. ಎದೆ... ಅಂದ್ರೆ, ಪಟ್ಟಿ ಬಿಗಿಯಾಯ್ತೇನೋ ಅಂತ."

"ಹೋದ ವಾರ ತಾನೆ ತೋರಿಸ್ಕೊಂಡು ಬಂದೆ. ಹೊಸ ಗಡಿಯಾರದ ತರ ಓಡ್ತಾ ಇದೆ, ನಮ್ಮನ್ನೆಲ್ಲ ಕಳಿಸಿಯೇ ನೀವು ಹೋಗೋದು ಅಂದ್ರು ಡಾಕ್ಟ್ರು." ಭಾವ ತಲೆಯೆತ್ತಿ ಅವನನ್ನು ಸ್ವಲ್ಪ ಹೊತ್ತು ನೋಡಿದರು. "ನೀನ್ಯಾಕೆ ಹೀಗೆ ಬಿಳಿಚ್ಕೊಂಡಿದ್ದೀಯ? ರಾತ್ರಿ ನಿದ್ದೆ ಮಾಡಿದ್ಯಾ?"

ಅವನು ಹೂಂ ಎಂದ. ಡಾಕ್ಟರು ನೋಡಿದ್ದು ಹೋದ ವಾರ, ಗುಂಡಿಗೆ ತಪ್ಪುತ್ತಿರುವುದು ಇವತ್ತು. ಹೇಳಿದರೆ ಮೊದಲ ಪ್ರಶ್ನೆ, ನಿನಗೆ ಹೇಗೆ ಗೊತ್ತಾಯಿತು ಎಂಬುದು. ಎರಡನೆಯದು, ಎಲ್ಲಿ ಕೊಡು, ನಾವೂ ಕೇಳೋಣ ಎಂಬುದು. ಆಮೇಲೆ ಹೆಡ್‌ಫೋನ್ ಕೈಯಿಂದ ಕೈಗೆ ಹೋಗುತ್ತದೆ. ಆಮೇಲೆ ಹಳೆಯ ಗಂಟೆಗಳೆಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಪಾಪ ಅಣ್ಣ, ವಯಸ್ಸಾಯಿತು ಎಂದು ಅವಳು ಮರುಗಿ, ಒಂದು ಒಳ್ಳೆಯ ಬೀಳ್ಕೊಡುಗೆ ಏರ್ಪಡಿಸಿ, ಬಾಗಿಲ ಹತ್ತಿರದ ಕುರ್ಚಿಗೆ ಕಳಿಸಿಕೊಡುತ್ತಾಳೆ. ಅವನು ಖಾಲಿ ಲೋಟಗಳನ್ನು ಎತ್ತಿಕೊಂಡು ವಾಪಸು ಬಂದ. ಒಬ್ಬ ಮನುಷ್ಯನ ಜೀವವನ್ನು ತಕ್ಕಡಿಯ ಒಂದು ಕಡೆ ಇಟ್ಟು ಇನ್ನೊಂದು ಕಡೆಗೆ ತನ್ನ ಮಾನ ಇಟ್ಟು ತೂಗುತ್ತಿದ್ದೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಗೊತ್ತಾಗಿಯೂ ತೂಗುತ್ತಿದ್ದ. ನಾಚಿಕೆಯಾಯಿತು, ನಾಚಿಕೆಯಿಂದಲೂ ಏನೂ ಬದಲಾಗಲಿಲ್ಲ.

ಮತ್ತೆ ಕ್ಯಾಮೆರಾ ಓಡಿತು. ಅವನು ಹೆಡ್‌ಫೋನನ್ನು ಎರಡು ಕೈಯಿಂದ ಕಿವಿಗೆ ಒತ್ತಿಕೊಂಡ. ಧಬ್ ಧಬ್ ಈಗ ಮೊದಲಿಗಿಂತ ಬೇಗ ಬೇಗ ಬರುತ್ತಿತ್ತು. ಮೇಷ್ಟ್ರು ತಮ್ಮ ಸ್ನೇಹಿತರೊಬ್ಬರ ಕಥೆ ಹೇಳುತ್ತಿದ್ದರು, ಪೇಪರು ಓದುತ್ತ ಕೂತವರು ಹಾಗೇ ಹೋಗಿಬಿಟ್ಟರಂತೆ, ಕೈಯಲ್ಲಿ ಪೇಪರು ಇದ್ದ ಹಾಗೇ, ಹೆಂಡತಿ ಬಂದು ಊಟಕ್ಕೆ ಏಳಿ ಎಂದು ಎರಡು ಸಲ ಗದರಿದಳಂತೆ.

"ಪೇಪರಲ್ಲಿ ಯಾವ ಪುಟ ಓದ್ತಿದ್ರಂತೆ?" ಎಂದರು ಭಾವ.

"ಅದನ್ನ ಯಾರು ನೋಡ್ತಾರೆ ಭಾವ?"

"ನೋಡ್ಬೇಕಪ್ಪ. ಆ ಪುಟ ನಾವು ಬಿಟ್ಟುಬಿಡಬಹುದಲ್ಲ."

ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು. ಆ ನಗುವಿನ ಕೆಳಗೆ ಗುಂಡಿಗೆ ಓಟ ಕಿತ್ತಿತು. ಓಡಿತು, ನಿಂತಿತು, ಮತ್ತೆ ಓಡಿತು. ನೋಡು, ಇವನೂ ಹೆದರಿದ್ದಾನೆ ಎಂದುಕೊಂಡ ಅವನು. ಇಷ್ಟು ವರ್ಷ ಈ ಮನುಷ್ಯ ಸಾವಿನ ಜೊತೆ ಚೌಕಾಸಿ ಮಾಡಿಕೊಂಡು ನಗಿಸುತ್ತಿದ್ದುದೆಲ್ಲ ಒಳಗೆ ಇಷ್ಟು ನಡುಗುತ್ತಲೇ. ಅವನಿಗೆ ಭಾವನ ಮೇಲೆ ಇದ್ದಕ್ಕಿದ್ದಂತೆ ತುಂಬ ಪ್ರೀತಿ ಬಂತು. ತನ್ನ ಹಾಗೆಯೇ ಇನ್ನೊಬ್ಬ ಇದ್ದಾನೆ ಎಂಬ ಪ್ರೀತಿ. ಕಿವಿ ಪರೀಕ್ಷೆಯ ಹಿಂದಿನ ರಾತ್ರಿ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದ ಭಾವ ಕಣ್ಣಿಗೆ ಕಟ್ಟಿದರು, ಆ ರಾತ್ರಿ ತಾನು ಗೊರಕೆ ಹೊಡೆದದ್ದೂ ಗೊತ್ತಿತ್ತು. ಧಬ್. ಆಮೇಲೆ ಏನೂ ಇಲ್ಲ. ಈ ಸಲ ಬಹಳ ಹೊತ್ತು ಏನೂ ಇಲ್ಲ. ಭಾವ ಕೈಗೆ ದಾರ ಸುತ್ತಿಕೊಳ್ಳುತ್ತಿದ್ದರು, ಮೇಷ್ಟ್ರು ಮೂಗು ಒರೆಸಿಕೊಳ್ಳುತ್ತಿದ್ದರು, ಯಾರಿಗೂ ಏನೂ ಗೊತ್ತಿರಲಿಲ್ಲ, ಹೊಳೆ ತನ್ನ ಪಾಡಿಗೆ ಹೋಗುತ್ತಿತ್ತು.

"ನಿಲ್ಸಿ" ಎಂದ ಅವನು. ತನ್ನ ದನಿ ಎಷ್ಟು ಜೋರಾಗಿ ಬಂತು ಎಂಬುದು ಎಲ್ಲರೂ ತಿರುಗಿದಾಗ ತಿಳಿಯಿತು. "ನಿಲ್ಸಿ ಮೇಡಂ. ಭಾವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಗುಂಡಿಗೆ ತಪ್ತಾ ಇದೆ. ನಾನು ಬೆಳಿಗ್ಗೆಯಿಂದ ಕೇಳ್ತಾ ಇದೀನಿ."

ಕ್ಯಾಮೆರಾದವನು ಕಣ್ಣು ತೆಗೆದು ನೋಡಿದ. ಭಾವನ ಕೈ ತನ್ನಷ್ಟಕ್ಕೆ ಎದೆಗೆ ಹೋಯಿತು, ಮುಖದಿಂದ ನಗು ಇಳಿಯಿತು, ಮೇಷ್ಟ್ರು ಎದ್ದು ಅವರ ತೋಳು ಹಿಡಿದುಕೊಂಡರು. ನಿರ್ದೇಶಕಿ ಹಲಗೆಗಳ ಮೇಲೆ ದಡದಡನೆ ಬಂದಳು. ತನ್ನ ಇಯರ್‌ಫೋನನ್ನು ಒತ್ತಿ ನೋಡಿಕೊಂಡು, "ನನಗೇನೂ ಕೇಳಿಸ್ತಿಲ್ಲ ಅಣ್ಣ. ಕೊಡಿ ಇಲ್ಲಿ" ಎಂದು ಕೈ ಚಾಚಿದಳು. ಅವನು ಹೆಡ್‌ಫೋನ್ ತೆಗೆದ. ತೆಗೆಯುವಾಗ ಕಿವಿಗಳು ಬೆತ್ತಲೆಯಾದ ಹಾಗೆ ತಣ್ಣಗೆ ಗಾಳಿ ತಗಲಿತು. ಅವಳು ಹಾಕಿಕೊಂಡಳು.

ಹಾಕಿಕೊಂಡ ಕ್ಷಣವೇ ಮುಖ ಕಿವುಚಿ ಎರಡು ಕೈಯಿಂದ ಅದನ್ನು ಕಿತ್ತಳು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಅದನ್ನು ದೂರ ಹಿಡಿದು ಅವನನ್ನು ನೋಡಿದಳು, ಗುಂಡಿಯನ್ನು ನೋಡಿದಳು, ಅದು ಎಲ್ಲಿಯವರೆಗೆ ತಿರುಗಿದೆ ಎಂದು ನೋಡಿದಳು. ಬೆರಳಿನಿಂದ ಅದನ್ನು ಹಿಂದಕ್ಕೆ ತಿರುಗಿಸುತ್ತ ಹೋದಳು, ಅದು ತಿರುಗುತ್ತಲೇ ಇತ್ತು. ಅವನು ತನ್ನ ಬೂಟುಗಳನ್ನು ನೋಡಿಕೊಂಡ. ಒಂದರ ಲೇಸು ಬಿಚ್ಚಿತ್ತು.

"ಯಾವಾಗಿಂದ ಅಣ್ಣ?" ಎಂದು ಅವಳು ಕೇಳಿದ್ದು ದನಿಯಲ್ಲಿ ಕೇಳಿಸಲಿಲ್ಲ, ತುಟಿಯಲ್ಲಿ ಗೊತ್ತಾಯಿತು.

"ಅದನ್ನ ಆಮೇಲೆ ಹೇಳ್ತೀನಿ. ಮೊದ್ಲು ಭಾವಂದು ಕೇಳಿ."

ಅವಳು ಮತ್ತೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಅಟ್ಟದ ಮೇಲೆ ಎಲ್ಲರೂ ನಿಂತಲ್ಲೇ ನಿಂತರು. ಭಾವ ಬಾಯಿ ಸ್ವಲ್ಪ ತೆರೆದು, ತಪ್ಪು ಮಾಡಿದ ಹುಡುಗನ ಹಾಗೆ ಉಸಿರಾಡುತ್ತಿದ್ದರು. ಬಲಗೈಯ ಬೆರಳು ಎಡಗೈಯ ನಾಡಿಯ ಮೇಲೆ ಆಗಲೇ ಕೂತಿತ್ತು. ಅವಳು ಕಣ್ಣು ತೆರೆದಳು. "ಉಸಿರು ಕೇಳ್ತಿದೆ. ನೀರು ಕೇಳ್ತಿದೆ. ಬೇರೇನೂ ಇಲ್ಲ ಅಣ್ಣ."

"ನನಗೂ ಸರಿಯಾಗೇ ಸಿಗ್ತಾ ಇದೆಯಲ್ಲಪ್ಪ" ಎಂದರು ಭಾವ. ದನಿಯಲ್ಲಿ ಇನ್ನೂ ನಡುಕ ಇತ್ತು, ಅದರ ಹಿಂದೆಯೇ ಸಿಟ್ಟು. "ಎಂಥ ಮಾತು ಹೇಳ್ತೀಯೋ ನೀನು. ಜೀವ ಬಾಯಿಗೆ ಬಂತು."

ಮೇಷ್ಟ್ರು ಕೋಟಿನ ತೋಳಿನಿಂದ ಹಣೆ ಒರೆಸಿಕೊಂಡು ಕೂತರು. ಯಾರೋ ನಕ್ಕರು, ಅಥವಾ ಕೆಮ್ಮಿದರು. ಅವನಿಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಕಿವಿ ಹೋದದ್ದು ಬಯಲಾಯಿತು, ಆ ಕಿವಿಯನ್ನು ನಂಬಿ ಒಬ್ಬ ಮುದುಕನನ್ನು ಮತ್ತೆ ಹೆದರಿಸಿದ್ದೂ ಆಯಿತು. ಹಳೆಯ ಸಾಲಕ್ಕೆ ಹೊಸ ಬಡ್ಡಿ. ಆದರೂ ಕೇಳಿಸಿದ್ದು ಸುಳ್ಳಲ್ಲ. ಅಷ್ಟೊಂದು ಸ್ಪಷ್ಟವಾಗಿ ಕೇಳಿಸಿದ್ದು ಸುಳ್ಳಾಗುವುದು ಹೇಗೆ? ಅವನು ಅವಳ ಕೈಯಿಂದ ಹೆಡ್‌ಫೋನ್ ಇಸಿದುಕೊಂಡು ಕಿವಿಗೆ ಬಿಗಿಯಾಗಿ ಕೂರಿಸಿದ. ಗುಂಡಿ ಅವಳು ಇಳಿಸಿದಲ್ಲೇ ಇತ್ತು, ಭಾವನ ಉಸಿರು, ಹೊಳೆ, ಎಲ್ಲ ದೂರ ಹೋಗಿದ್ದವು. ಧಬ್ ಧಬ್ ಮಾತ್ರ ಒಂದು ಚೂರೂ ದೂರ ಹೋಗಿರಲಿಲ್ಲ. ಮೊದಲ ದಿನ ಕೆಲಸಕ್ಕೆ ಸೇರಿದವನೂ ಮಾಡುವ ಒಂದು ಪರೀಕ್ಷೆ ಇದೆ: ಯಾವ ಮೈಕಿನಿಂದ ಸದ್ದು ಬರುತ್ತಿದೆ ಎಂದು ತಿಳಿಯಬೇಕಾದರೆ ಒಂದೊಂದನ್ನೇ ಮುಚ್ಚಿ ನೋಡುವುದು. ಬೆಳಿಗ್ಗೆಯಿಂದ ಅವನು ಅದನ್ನು ಮಾಡಿರಲಿಲ್ಲ. ಕ್ಯಾಮೆರಾ ಓಡುವಾಗ ಭಾವನ ಮೈಕು ಮುಚ್ಚಿದರೆ ಮಾತು ಹೋಗುತ್ತದೆ ಎಂಬುದು ನೆಪ. ಬಿಡುವಿನಲ್ಲಿ ಯಾಕೆ ಮಾಡಲಿಲ್ಲ ಎಂಬುದಕ್ಕೆ ನೆಪವೂ ಇರಲಿಲ್ಲ. ಈಗ ಅವನು ಭಾವನ ಮೈಕನ್ನು ಮುಚ್ಚಿದ. ಉಸಿರು ಹೋಯಿತು. ಮೇಷ್ಟ್ರದ್ದನ್ನು ಮುಚ್ಚಿದ. ನೀರಿನ ಕಡೆಗೆ ತಿರುಗಿದ್ದ ದೊಡ್ಡ ಮೈಕನ್ನು ಮುಚ್ಚಿದ, ಹೊಳೆ ಇಲ್ಲವಾಯಿತು. ಹಸಿರು ದೀಪಗಳೆಲ್ಲ ಆರಿದವು. ಕೊನೆಗೆ ಮಿಕ್ಸರಿನಿಂದ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡ.

ಧಬ್. ಧಬ್. ಆಮೇಲೆ ಒಂದು ಇಲ್ಲ. ಆಮೇಲೆ ಎರಡು ಒಟ್ಟಿಗೆ.

ಅವನು ಹಿಂದಿದ್ದ ಮಡಚು ಕುರ್ಚಿಯಲ್ಲಿ ಕೂತುಬಿಟ್ಟ. ಕಿವಿಯನ್ನು ಎರಡು ಕಡೆ ಬಿಗಿಯಾಗಿ ಮುಚ್ಚಿಕೊಂಡವನಿಗೆ ತನ್ನದು ಕೇಳದೆ ಇನ್ನಾರದು ಕೇಳಬೇಕು? ಪೇಪರು ಹಿಡಿದುಕೊಂಡು ಸತ್ತವನ ಕಥೆಗೆ ಓಟ ಕಿತ್ತದ್ದು ಭಾವನ ಗುಂಡಿಗೆಯಲ್ಲ. ಅಷ್ಟು ಪ್ರೀತಿ ಬಂದದ್ದು, ಮರುಕ ಬಂದದ್ದು, ಯಾರ ಮೇಲೆ ಹಾಗಾದರೆ? ಕೈ ತಣ್ಣಗಿದೆ ಎಂದದ್ದು, ಬಿಳಿಚಿಕೊಂಡಿದ್ದೀಯ ಎಂದದ್ದು, ಎಲ್ಲ ಈಗ ಸರತಿಯಲ್ಲಿ ನಿಂತವರ ಹಾಗೆ ಒಂದೊಂದಾಗಿ ಮುಂದೆ ಬಂದವು. ಹೆಡ್‌ಫೋನ್ ತೆಗೆದು ಬಿಸಾಡಿದರೆ ಕೇಳುವುದು ನಿಲ್ಲುತ್ತದೆ, ಅಷ್ಟು ಸುಲಭ. ಆದರೆ ಕೇಳದೆ ಇದ್ದಾಗ ಅದು ನಿಂತರೆ ತನಗೆ ಗೊತ್ತಾಗುವುದಾದರೂ ಹೇಗೆ ಎಂದು ಹೆದರಿ ಅವನು ಅದನ್ನು ತೆಗೆಯಲಿಲ್ಲ.

ಭಾವ ಅವನ ಕೈಯಲ್ಲಿದ್ದ ವೈರಿನ ತುದಿಯನ್ನು ನೋಡಿದರು. ಔಷಧಿ ಅಂಗಡಿಯ ಕಟ್ಟೆಯಾಚೆ ನಿಂತು ಎಷ್ಟೋ ಜನರ ಮುಖ ನೋಡಿದ್ದವರು. ಸಿಟ್ಟು ಎಲ್ಲಿ ಹೋಯಿತೋ, ಮೆಲ್ಲಗೆ ಬಂದು ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದು ಮಾತೂ ಕೇಳದೆ ಅವನ ಮಣಿಕಟ್ಟು ಹಿಡಿದರು. ಈ ಸಲ ಅವನು ಎಳೆದುಕೊಳ್ಳಲಿಲ್ಲ. ನಿರ್ದೇಶಕಿ, ಮೇಷ್ಟ್ರು, ಕ್ಯಾಮೆರಾದವನು, ಎಲ್ಲರೂ ಸುತ್ತ ಬಂದು ನಿಂತರು. ಭಾವ ಒಂದು ಕಣ್ಣು ಮುಚ್ಚಲು ಹೋಗಿ ಮುಚ್ಚಲಿಲ್ಲ. ಎರಡೂ ಕಣ್ಣು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಬೆನ್ನು ತಟ್ಟುವುದು ಬರಲಿಲ್ಲ, ಮೂವತ್ತು ವರ್ಷದ ಮಾತು ಬರಲಿಲ್ಲ. ತಿರುಗಿ ನಿರ್ದೇಶಕಿಗೆ ಏನೋ ಹೇಳಿದರು, ಡ್ರೈವರ್ ಎಂಬುದು ಮಾತ್ರ ಅವನಿಗೆ ಅರ್ಥವಾಯಿತು, ಅವಳು ದಂಡೆಯ ಕಡೆ ಓಡಿದಳು. ಓಡುತ್ತಿದ್ದವಳ ತಲೆ ಒಂದು ಕ್ಷಣ ನೀರಿನ ಕಡೆ ತಿರುಗಿತು. ಮೇಷ್ಟ್ರದ್ದೂ ತಿರುಗಿತು, ಕ್ಯಾಮೆರಾದವನದೂ. ಗಂಟೆ ಬಡಿಯುತ್ತಿದೆ ಎಂದು ಅವನು ತಿಳಿದುಕೊಂಡ. ಕೋಲಿನ ತುದಿ ಬಾಗಿ ಬಾಗಿ ಏಳುತ್ತಿತ್ತು, ಯಾರೂ ಅದರ ಹತ್ತಿರ ಹೋಗಲಿಲ್ಲ.

ಭಾವನ ತುಟಿ ಮತ್ತೆ ಅಲ್ಲಾಡತೊಡಗಿತು, ಸದ್ದಿಲ್ಲದೆ. ಅವನು ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡ. ಮುಂದೆ ಬಾಗಿ, ಬಿಡುವಾಗಿದ್ದ ಕೈಯನ್ನು ಕಿವಿಗೆ ದೊನ್ನೆ ಮಾಡಿ ಹಿಡಿದ.

"ಸ್ವಲ್ಪ ಜೋರಾಗಿ ಹೇಳಿ ಭಾವ" ಎಂದ.

ಭಾವ ಟಿವಿಯಲ್ಲಿ ಎಣಿಸುವ ಅದೇ ದನಿಯಲ್ಲಿ, ಹೊಳೆಯ ಆಚೆ ದಡಕ್ಕೂ ಕೇಳುವಷ್ಟು ಜೋರಾಗಿ ಶುರುಮಾಡಿದರು. ಒಂದು, ಎಂದರು. ಎರಡು. ಮೂರು. ಮೂರರ ಮೇಲೆ ಅವರ ಬಾಯಿ ತೆರೆದೇ ಇತ್ತು. ನಾಲ್ಕು ಬರಲಿ ಎಂದು ಎಲ್ಲರೂ ಕಾದರು.